ಬ್ರೇಕ್ ಹಾಕಿದ್ದು ಯಾರು ಅನ್ನೋದಲ್ಲ, ಎಲ್ಲಿ ಅನ್ನೋದು: ಕಾರ್ಖಾನೆ ಬಸ್ಸುಗಳ ಒಂದು ಪ್ರಕರಣ

ದಕ್ಷಿಣ ಕರ್ನಾಟಕದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಕೆಲಸದವರನ್ನು ಕರೆತರುವ ಬಸ್ಸುಗಳ ಪ್ರಕರಣ ಇದು. ಕಾರ್ಖಾನೆ, ಬಸ್ ಮಾಲೀಕರು, ಚಾಲಕರು, ಊರು ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ, ಎಷ್ಟು ಬಸ್ಸು, ಎಷ್ಟು ಬ್ರೇಕ್ ಅನ್ನೋ ಎಣಿಕೆಗಳನ್ನು ಕೊಟ್ಟಿಲ್ಲ. ಬಸ್ಸುಗಳು ಕಳಿಸುವ ಮಾಹಿತಿಯನ್ನು ಬಿಡಿಸಿ ನೋಡಲು ಕೂತ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಬಸ್, ಶಾಲಾ ವಾಹನ, ಹಾಲಿನ ಗಾಡಿ ಓಡಿಸುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಕಾರ್ಖಾನೆಯಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಬರುತ್ತಾರೆ, ಸಂಜೆ ಹೋಗುತ್ತಾರೆ. ಬಸ್ಸುಗಳು ಕಾರ್ಖಾನೆಯದ್ದಲ್ಲ, ಗುತ್ತಿಗೆ ಹಿಡಿದ ಖಾಸಗಿ ಮಾಲೀಕರದ್ದು. ಎಂಟೂವರೆಗೆ ಗೇಟು ಮುಟ್ಟಬೇಕು ಅನ್ನೋದೇ ಮುಖ್ಯ ಷರತ್ತು. ತಡವಾದರೆ ಬಾಡಿಗೆಯಲ್ಲಿ ಕಡಿತ. ದಾರಿ ಬಹುಪಾಲು ಎರಡು ಲೇನಿನ ರಾಜ್ಯ ಹೆದ್ದಾರಿ. ನಡುವೆ ಮೀಡಿಯನ್ ಇಲ್ಲ, ಅಂಚಿನಲ್ಲಿ ಮಣ್ಣು ಕೊರೆದು ಹೋಗಿದೆ, ಊರೂರಿಗೂ ಹಂಪು.

ಪ್ರತಿ ಬಸ್ಸಿನ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಜಿಪಿಎಸ್ ಡಬ್ಬಿ ಇದೆ. ಕಾಗದದಲ್ಲಿ ಅದರ ಹೆಸರು ಎಐಎಸ್-140 ಸಾಧನ. 2012ರ ದೆಹಲಿ ಬಸ್ ಪ್ರಕರಣದ ನಂತರ ಬಂದ ನಿಯಮದ ಫಲ ಅದು. ಕೇಂದ್ರ ಮೋಟಾರು ವಾಹನ ನಿಯಮ 125ಎಚ್ ಪ್ರಕಾರ, 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವಾ ವಾಹನಗಳಲ್ಲಿ ಈ ಡಬ್ಬಿ ಮತ್ತು ಪ್ಯಾನಿಕ್ ಬಟನ್ ಇರಲೇಬೇಕು. ಒಳಗೆ ಒಂದು ಸಿಮ್ ಇರುತ್ತದೆ, ವೈರ್ ಕಿತ್ತರೂ ಸ್ವಲ್ಪ ಹೊತ್ತು ನಡೆಯಲು ಸಣ್ಣ ಬ್ಯಾಟರಿ ಇರುತ್ತದೆ, ಕುಲುಕಾಟ ಅಳೆಯುವ ಅಕ್ಸೆಲೆರೋಮೀಟರ್ ಇರುತ್ತದೆ. ಬಸ್ಸು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅನ್ನೋದನ್ನು ಅದು ಕಳಿಸುತ್ತಲೇ ಇರುತ್ತದೆ. ಸಡನ್ ಬ್ರೇಕ್ ಹಾಕಿದರೆ, ಒರಟಾಗಿ ತಿರುಗಿಸಿದರೆ, ಪವರ್ ವೈರ್ ತೆಗೆದರೆ ಬೇರೆಬೇರೆ ಎಚ್ಚರಿಕೆ ಕಳಿಸುತ್ತದೆ.

ಇಷ್ಟೆಲ್ಲ ಇದ್ದರೂ ಮಾಲೀಕರಿಗೆ ಡಬ್ಬಿಯ ನೆನಪಾಗುತ್ತಿದ್ದದ್ದು ಎಫ್‌ಸಿ (ವಾಹನದ ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸುವಾಗ ಮಾತ್ರ. ಮಾಹಿತಿ ಯಾವುದೋ ಸರ್ವರಿಗೆ ಹೋಗಿ ಬೀಳುತ್ತಿತ್ತು. ನಮ್ಮಲ್ಲಿ ಬಹಳ ಕಡೆ ಇದೇ ಕಥೆ, ಅಲ್ವಾ?

ಒಂದು ಮಳೆಗಾಲದ ಬೆಳಿಗ್ಗೆ ಬಸ್ಸೊಂದು ಮೋರಿ ಪಕ್ಕದ ಹಳ್ಳಕ್ಕೆ ಇಳಿಯಿತು. ಅಡ್ಡ ಬಂದ ಬೈಕನ್ನು ತಪ್ಪಿಸಲು ಚಾಲಕ ಎಡಕ್ಕೆ ಎಳೆದಿದ್ದ, ಅಂಚಿನ ಮಣ್ಣು ಕುಸಿಯಿತು. ಜೀವ ಹೋಗಲಿಲ್ಲ, ಆದರೆ ಕೈಕಾಲು ಮುರಿದುಕೊಂಡವರಿದ್ದರು. ಮರುದಿನ ಆಡಳಿತದವರು ಬಸ್ ಮಾಲೀಕರನ್ನು ಕೂರಿಸಿಕೊಂಡು, "ಡಬ್ಬಿ ಇದೆಯಲ್ಲ, ಅದರಲ್ಲಿ ಏನು ಬಂದಿದೆ?" ಎಂದು ಕೇಳಿದರು. ಯಾರ ಬಳಿಯೂ ಉತ್ತರ ಇರಲಿಲ್ಲ.

ಮೊದಲು ಮಾಡಿದ್ದು: ಚಾಲಕರಿಗೆ ಅಂಕ

ಸುಲಭದ ದಾರಿಯನ್ನೇ ಹಿಡಿದರು. ಡಬ್ಬಿ ಮಾರಿದ ಕಂಪನಿಯ ಪೋರ್ಟಲ್‌ನಲ್ಲಿ 'ಚಾಲಕರ ಅಂಕಪಟ್ಟಿ' ತಯಾರಾಗಿಯೇ ಇತ್ತು. ಸಡನ್ ಬ್ರೇಕ್ ಹಾಕಿದರೆ ಅಂಕ ಕಡಿತ. ತಿಂಗಳ ಕೊನೆಗೆ ಅಂಕ ಕಡಿಮೆ ಬಂದವರ ಹೆಸರು ಸೆಕ್ಯುರಿಟಿ ಕೋಣೆಯ ಗೋಡೆ ಮೇಲೆ. ಮಾಲೀಕರು ಅದರ ಮೇಲೊಂದು ದಂಡವನ್ನೂ ಸೇರಿಸಿದರು.

ಮೊದಲ ತಿಂಗಳಲ್ಲೇ ಸಡನ್ ಬ್ರೇಕ್ ಎಚ್ಚರಿಕೆಗಳು ಚೆನ್ನಾಗಿ ಇಳಿದವು. ಆಡಳಿತ ಖುಷಿಯಾಯಿತು. ನಮ್ಮನ್ನು ಕರೆದದ್ದೂ ಅದೇ ಹೊತ್ತಿಗೆ, ಈ ಯಶಸ್ಸನ್ನು ಬೇರೆ ಘಟಕಗಳಿಗೂ ಒಯ್ಯೋಣ ಅಂತ.

ಆದರೆ ಎಚ್ಚರಿಕೆಗಳ ಪೂರ್ತಿ ಪಟ್ಟಿ ತೆಗೆದಾಗ ಬೇರೆಯೇ ಕಂಡಿತು. ಬ್ರೇಕ್ ಎಚ್ಚರಿಕೆ ಇಳಿದ ವಾರಗಳಲ್ಲೇ ಒರಟು ತಿರುವಿನ ಎಚ್ಚರಿಕೆ ಏರಿತ್ತು. ಪವರ್ ವೈರ್ ತೆಗೆದ ಎಚ್ಚರಿಕೆಗಳೂ ಜಾಸ್ತಿಯಾಗಿದ್ದವು, ಅದೂ ದಾರಿಯ ಕೆಲವೇ ಭಾಗಗಳಲ್ಲಿ. ಅಂದರೆ ಚಾಲಕರು ಬ್ರೇಕ್ ಒತ್ತುವ ಬದಲು ಹಾರ್ನ್ ಹೊಡೆದು ಸ್ಟೀರಿಂಗ್ ಎಳೆಯುತ್ತಿದ್ದರು. ಹಳ್ಳಕ್ಕೆ ಇಳಿದ ಬಸ್ಸಿನವನು ಮಾಡಿದ್ದೂ ಅದನ್ನೇ. ಕೆಲವರಂತೂ ಕಷ್ಟದ ಜಾಗ ಬರುವ ಮುಂಚೆ ಡಬ್ಬಿಯ ವೈರನ್ನೇ ಸಡಿಲಿಸುತ್ತಿದ್ದರು.

ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳನ್ನು ಕೇಳಿದೆವು. ಒಬ್ಬರು, "ಮುಂಚೆ ಮುಂದಕ್ಕೆ ಮುಗ್ಗರಿಸ್ತಿದ್ವಿ ಸಾರ್, ಈಗ ಪಕ್ಕದೋರ ಮೇಲೆ ಬೀಳ್ತೀವಿ" ಅಂದರು. ವರದಿಯಲ್ಲಿ ಎರಡು ಪುಟ ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಬ್ರೇಕ್ ಹಾಕುವುದು ತಪ್ಪಲ್ಲ. ಬ್ರೇಕ್ ಹಾಕಬೇಕಾಗಿ ಬಂದದ್ದು ಯಾಕೆ ಅನ್ನೋದು ಪ್ರಶ್ನೆ. ಅಂಕಪಟ್ಟಿ ಆ ಪ್ರಶ್ನೆ ಕೇಳುವುದೇ ಇಲ್ಲ.

ದಿಕ್ಕು ಬದಲಾದ ಸಭೆ

ಪಟ್ಟಿಯಲ್ಲಿ ಅತಿ ಕಡಿಮೆ ಅಂಕ ಬಂದವರು ಎಲ್ಲರಿಗಿಂತ ಹಿರಿಯ ಚಾಲಕರು. ಕಿರಿಯರೆಲ್ಲ ಅವರನ್ನು "ಅಣ್ಣ" ಅನ್ನುತ್ತಾರೆ, ಅವರ ಬಸ್ಸೇ ಬೇಕು ಅಂತ ಹೆಣ್ಣುಮಕ್ಕಳು ಕಾಯುತ್ತಾರೆ. ಅವರನ್ನು ಸಭೆಗೆ ಕರೆದು ಕೇಳಿದಾಗ ಸ್ವಲ್ಪವೂ ಕೋಪ ಮಾಡಿಕೊಳ್ಳಲಿಲ್ಲ. "ಸಾರ್, ನನ್ನ ರೂಟನ್ನ ನಾಳೆಯಿಂದ ಬೇರೆಯವನಿಗೆ ಕೊಡಿ. ಮುಂದಿನ ತಿಂಗಳು ಗೋಡೆ ಮೇಲೆ ಅವನ ಹೆಸರಿರುತ್ತೆ ನೋಡಿ" ಅಂದರು.

ಇದನ್ನು ಪರೀಕ್ಷೆ ಮಾಡುವುದು ಕಷ್ಟವಲ್ಲ. ರಜೆ, ಬದಲಿ ಅಂತ ಚಾಲಕರು ಆಗಾಗ ರೂಟು ಬದಲಾಯಿಸುತ್ತಿದ್ದರು. ಹಳೆಯ ಮಾಹಿತಿಯನ್ನು ಚಾಲಕರ ಹೆಸರಿನ ಬದಲು ಜಾಗದ ಪ್ರಕಾರ ಜೋಡಿಸಿದೆವು. ದಂಡ ಶುರುವಾಗುವ ಮುಂಚಿನ ತಿಂಗಳುಗಳನ್ನು ಮಾತ್ರ ತೆಗೆದುಕೊಂಡೆವು, ಯಾಕೆಂದರೆ ನಂತರದ್ದು ಕೆಟ್ಟುಹೋಗಿತ್ತು. ಅವರ ಮಾತು ನಿಜವಾಗಿತ್ತು. ಚಾಲಕ ಯಾರೇ ಇರಲಿ, ಬ್ರೇಕ್ ಬೀಳುತ್ತಿದ್ದದ್ದು ಅವೇ ಕೆಲವು ಜಾಗಗಳಲ್ಲಿ.

ಇದು ನಾವು ಕಂಡುಹಿಡಿದ ಹೊಸ ವಿಷಯವೇನಲ್ಲ. ಜಪಾನಿನ ಸೈತಾಮಾ ಪ್ರಾಂತ್ಯದಲ್ಲಿ 2007ರಿಂದಲೇ ಹೋಂಡಾ ಕಾರುಗಳಲ್ಲಿ ದಾರಿ ತೋರಿಸುವ ಇಂಟರ್‌ನ್ಯಾವಿ ವ್ಯವಸ್ಥೆಯ ಮಾಹಿತಿಯಿಂದ ಸಡನ್ ಬ್ರೇಕಿನ ಜಾಗಗಳನ್ನು ಗುರುತಿಸಿ, ಅಲ್ಲಿ ಅಡ್ಡ ಬಂದ ಗಿಡಮರ ಸವರಿ, ರಸ್ತೆಗೆ ಗುರುತು ಬಳಿದಿದ್ದರು. ಸರಿಪಡಿಸಿದ ಜಾಗಗಳಲ್ಲಿ ಸಡನ್ ಬ್ರೇಕ್ ಸುಮಾರು 70% ಇಳಿಯಿತೆಂದು ಲೆಕ್ಕ ಕೊಟ್ಟರು. ನಾಗ್ಪುರದಲ್ಲಿ 2021ರಲ್ಲಿ ಶುರುವಾದ ಐರಾಸ್ತೆ ಎಂಬ ರಸ್ತೆ ಸುರಕ್ಷತಾ ಯೋಜನೆ ನಗರ ಬಸ್ಸುಗಳಿಗೆ ಕ್ಯಾಮೆರಾ ಹಾಕಿ, ಇನ್ನೂ ಅಪಘಾತದ ಕುಖ್ಯಾತಿ ಪಡೆಯದ ಆದರೆ ಆ ಕಡೆಗೇ ಹೊರಟಿರುವ 'ಗ್ರೇ ಸ್ಪಾಟ್'ಗಳನ್ನು ಹುಡುಕಿತು. ನಮ್ಮ ಬಸ್ಸುಗಳಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದದ್ದು ಡಬ್ಬಿ ಮಾತ್ರ.

ಆ ಸಭೆಯಲ್ಲಿ ಎರಡು ತೀರ್ಮಾನವಾಯಿತು. ದಂಡ ರದ್ದು. ಮತ್ತು ನಮ್ಮ ಕೈಗೆ ಬರುವ ಮಾಹಿತಿಯಲ್ಲಿ ಚಾಲಕರ ಹೆಸರಾಗಲಿ, ಬಸ್ಸಿನ ನಂಬರಾಗಲಿ ಇರಬಾರದು. ಎರಡನೆಯದಕ್ಕೆ ಮಾಲೀಕರು ಒಪ್ಪಲು ಸಮಯ ಹಿಡಿಯಿತು. "ಹಂಗಾದ್ರೆ ಕುಡಿದು ಓಡಿಸೋನ್ನ ಹಿಡಿಯೋದು ಹೆಂಗೆ?" ಅನ್ನೋದು ಅವರ ವಾದ. ಅದಕ್ಕೆ ಗೇಟಿನಲ್ಲಿ ಊದಿಸುವ ಯಂತ್ರ ಇದೆ, ಬ್ರೇಕ್ ಲೆಕ್ಕ ಬೇಕಿಲ್ಲ ಅಂತ ಒಪ್ಪಿಸಬೇಕಾಯಿತು. ಹೆಸರು ತೆಗೆದ ಮೇಲೆ ವೈರ್ ಸಡಿಲಿಸುವುದು ಬಹುತೇಕ ನಿಂತಿತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ.

ಮಾಹಿತಿಯ ಕಸ ಗುಡಿಸಿದ್ದು

ನಕ್ಷೆ ಮೇಲೆ ಚುಕ್ಕಿ ಇಟ್ಟ ತಕ್ಷಣ ಸತ್ಯ ಹೊರಬರುವುದಿಲ್ಲ. ಮೊದಲ ತೊಡಕು ಗಡಿಯಾರದ್ದು. ಬೆಳಗಿನ ಪಾಳಿಯ ಬ್ರೇಕ್‌ಗಳೇ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ನೋಡಿದರೆ ಡಬ್ಬಿ ಎಚ್ಚರಿಕೆಗಳನ್ನು ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ ಕಳಿಸುತ್ತಿತ್ತು, ಟ್ರಿಪ್ ಪಟ್ಟಿ ನಮ್ಮ ಸಮಯದಲ್ಲಿತ್ತು. ಎರಡಕ್ಕೂ ಐದೂವರೆ ಗಂಟೆ ಅಂತರ. ಬೆಳಿಗ್ಗೆ 7:45ರ ಬ್ರೇಕ್ ರಾತ್ರಿ 2:15 ಅಂತ ದಾಖಲಾಗಿ, 'ಆ ಹೊತ್ತಿಗೆ ಟ್ರಿಪ್ಪೇ ಇಲ್ಲ' ಅಂತ ಪೋರ್ಟಲ್ ಅದನ್ನು ಎಸೆಯುತ್ತಿತ್ತು. ಅಂಕಪಟ್ಟಿ ನಿಂತಿದ್ದದ್ದು ಇಂಥ ಲೆಕ್ಕದ ಮೇಲೆ!

ಎರಡನೆಯದು ಜಾಗದ್ದು. ಡಬ್ಬಿ ಹತ್ತು ಸೆಕೆಂಡಿಗೊಮ್ಮೆ ಜಾಗ ಕಳಿಸುವಂತೆ ಹೊಂದಿಸಿದ್ದರು. ಗಂಟೆಗೆ 54 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 15 ಮೀಟರ್. ಎರಡು ಚುಕ್ಕಿಗಳ ನಡುವೆ 150 ಮೀಟರ್ ಖಾಲಿ. ಅಷ್ಟರಲ್ಲಿ ಒಂದು ತಿರುವು, ಒಂದು ಹಂಪು, ಒಂದು ಅಂಗಡಿ ಎಲ್ಲವೂ ಕಳೆದುಹೋಗುತ್ತವೆ. ಹಾಗಾಗಿ ವೇಗದ ವ್ಯತ್ಯಾಸದಿಂದ ಬ್ರೇಕ್ ಲೆಕ್ಕ ಹಾಕುವುದನ್ನು ಬಿಟ್ಟೆವು. ಅಕ್ಸೆಲೆರೋಮೀಟರಿನ ಎಚ್ಚರಿಕೆ ಬಂದ ಕ್ಷಣದ ಜಾಗವನ್ನು ಮಾತ್ರ ನಂಬಿದೆವು. ಜಾಗ ಕಳಿಸುವ ಅಂತರವನ್ನೂ ಐದು ಸೆಕೆಂಡಿಗೆ ಇಳಿಸಿಸಿದೆವು.

ಆಮೇಲೆ ಗುಂಡಿಗಳು. ಡಬ್ಬಿಯನ್ನು ಸ್ಕ್ರೂ ಹಾಕಿ ಬಿಗಿದಿದ್ದರೆ ಸರಿ. ಕೆಲವು ಬಸ್ಸುಗಳಲ್ಲಿ ಅದು ಪ್ಲಾಸ್ಟಿಕ್ ಟ್ಯಾಗಿನಲ್ಲಿ ನೇತಾಡುತ್ತಿತ್ತು. ಗುಂಡಿಗೆ ಬಿದ್ದಾಗೆಲ್ಲ ಅದಕ್ಕೆ ಬ್ರೇಕ್ ಹಾಕಿದಂತೆ ಅನಿಸುತ್ತಿತ್ತು. ಎಚ್ಚರಿಕೆಗೆ ಮುಂಚೆ ಮತ್ತು ನಂತರ ವೇಗ ಇಳಿದಿಲ್ಲವಾದರೆ ಅದನ್ನು ಬ್ರೇಕ್ ಅಂತ ಎಣಿಸಲಿಲ್ಲ.

ಕೊನೆಯದಾಗಿ ಭಾಗಾಕಾರ. ಕಾರ್ಖಾನೆ ಹತ್ತಿರದ ರಸ್ತೆಯಲ್ಲಿ ಎಲ್ಲ ಬಸ್ಸೂ ಓಡುತ್ತವೆ, ದೂರದ ಹಳ್ಳಿಯಲ್ಲಿ ಒಂದೇ ಒಂದು. ಒಟ್ಟು ಬ್ರೇಕ್ ನೋಡಿದರೆ ಗೇಟಿನ ಮುಂದಿನ ರಸ್ತೆಯೇ ಅಪಾಯಕಾರಿ ಅನ್ನಿಸುತ್ತದೆ. ಆ ಜಾಗವನ್ನು ಎಷ್ಟು ಸಲ ಬಸ್ಸು ದಾಟಿತು ಅನ್ನೋದರಿಂದ ಭಾಗಿಸಿದಾಗ ಪಟ್ಟಿ ಮೇಲೆಕೆಳಗಾಯಿತು.

ಚಾಲಕರು ಪೆನ್ನು ಹಿಡಿದಾಗ

ಉಳಿದ ಜಾಗಗಳ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಸ್ ನಿಲ್ಲುವ ಶೆಡ್ಡಿನಲ್ಲಿ ಅಂಟಿಸಿದೆವು. ಪಕ್ಕದಲ್ಲಿ ಒಂದು ಪೆನ್ನು. ಇಲ್ಲಿ ಯಾಕೆ ಬ್ರೇಕ್ ಬೀಳುತ್ತೆ ಅಂತ ಬರೆಯಿರಿ ಅಂದೆವು. ಬರೆದರು ನೋಡಿ! "ಹಂಪು, ಬಣ್ಣ ಹೋಗಿದೆ, ರಾತ್ರಿ ಕಾಣಲ್ಲ." "ಬಾರ್ ಮುಂದೆ ಬೈಕು ಅಡ್ಡ ಬರುತ್ತೆ." "ಕಬ್ಬು ಅಡ್ಡ." ಒಂದು ನೇರ ರಸ್ತೆಯ ಮೇಲೆ, ಉಪಗ್ರಹ ಚಿತ್ರದಲ್ಲಿ ಏನೂ ಕಾಣದ ಕಡೆ, ಒಬ್ಬರು ಬರೀ "ಹುರುಳಿ" ಅಂತ ಬರೆದಿದ್ದರು.

ಹುರುಳಿ ಅಂತ ಬರೆದವರು ಹೇಳಿದ್ದು ಒಕ್ಕಣೆಯ ವಿಷಯ. ರಾಗಿ ಹುರುಳಿ ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ತೆನೆಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಗಾಡಿಗಳು ತುಳಿದುಕೊಂಡು ಹೋಗುತ್ತವೆ. ಆ ಚುಕ್ಕಿಗಳು ನವೆಂಬರಿನಿಂದ ಜನವರಿಯವರೆಗೆ ಮಾತ್ರ ಇದ್ದವು. ಬ್ರೇಕ್ ಬೀಳುತ್ತಿದ್ದದ್ದು ಹುರುಳಿಯಿಂದಲೂ ಅಲ್ಲ, ರಾಶಿ ಸುತ್ತ ಇಡುವ ಕಲ್ಲುಗಳಿಂದ. ಸಂಜೆ ರಾಶಿ ಎತ್ತಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಇರುತ್ತದೆ. ಮುಸ್ಸಂಜೆಯಲ್ಲಿ ಬಸ್ಸಿಗೆ ಅದು ಕಂಡರೆ ಬ್ರೇಕ್. ಬೈಕಿನವನಿಗೆ ಕಾಣದಿದ್ದರೆ ಅಷ್ಟೇ.

ಎಲ್ಲಕ್ಕಿಂತ ಬೆಚ್ಚಿಬೀಳಿಸಿದ್ದು ಹುಣಸೆಮರದ ತಿರುವು. ಅಲ್ಲಿ ಚಾಲಕರು ಏನೂ ಬರೆದಿರಲಿಲ್ಲ. ಬ್ರೇಕ್ ಬೆಳಿಗ್ಗೆ ಮಾತ್ರ, ಅದೂ ಕಾರ್ಖಾನೆ ಕಡೆ ಬರುವ ಬಸ್ಸುಗಳದ್ದು ಮಾತ್ರ. ಎಲ್ಲ ಬಸ್ಸುಗಳ ಮಾಹಿತಿಯನ್ನು ಒಂದೇ ಗಡಿಯಾರದ ಮೇಲೆ ಇಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಒಂದು ಬಸ್ಸಿನ ವೇಗ ಸೊನ್ನೆಗೆ ಇಳಿದಿರುತ್ತಿತ್ತು. ಸ್ವಲ್ಪವೇ ಹೊತ್ತಿಗೆ ಅದರ ಹಿಂದೆ ಇನ್ನೊಂದು ಬಸ್ಸಿನ ಸಡನ್ ಬ್ರೇಕ್. ತಿರುವು ಮುಗಿದ ಕೂಡಲೇ ಮರದ ಕೆಳಗೆ ಮೊದಲನೆಯ ಬಸ್ಸು ಜನ ಹತ್ತಿಸಿಕೊಳ್ಳಲು ಅರ್ಧ ರಸ್ತೆಯಲ್ಲಿ ನಿಂತಿರುತ್ತಿತ್ತು. ಹಿಂದಿನವನಿಗೆ ತಿರುವು ದಾಟುವವರೆಗೆ ಅದು ಕಾಣುತ್ತಿರಲಿಲ್ಲ. ಅಪಾಯ ಹುಟ್ಟಿಸುತ್ತಿದ್ದದ್ದು ಕಾರ್ಖಾನೆಯದೇ ನಿಲ್ದಾಣ, ಕಾರ್ಖಾನೆಗೇ ಓಡುವ ಬಸ್ಸು. ಒಂದೊಂದು ಬಸ್ಸನ್ನು ಬೇರೆಬೇರೆ ನೋಡಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ.

ಏನಾಯಿತು, ಏನಾಗಲಿಲ್ಲ

ನಿಲ್ದಾಣವನ್ನು ಮುಂದಿನ ನೇರ ರಸ್ತೆಗೆ ಸರಿಸೋಣ ಅಂತ ಆಡಳಿತ ಕೂಡಲೇ ಆದೇಶ ಹೊರಡಿಸಿತು. ಹೆಣ್ಣುಮಕ್ಕಳು ಒಪ್ಪಲಿಲ್ಲ. "ಅಲ್ಲಿ ಲೈಟಿಲ್ಲ ಅಣ್ಣ, ಚಳಿಗಾಲದಲ್ಲಿ ಆರೂವರೆಗೆ ಕತ್ತಲೆ. ಒಬ್ಬೊಬ್ರೇ ನಿಲ್ಲೋಕಾಗಲ್ಲ" ಅಂತ ಚಾಲಕರಿಗೆ ಹೇಳಿ ಕಳಿಸಿದರು. ಮರದ ಕೆಳಗೆ ಒಂದು ಟೀ ಅಂಗಡಿ ಇತ್ತು, ಅದಕ್ಕೇ ಅಲ್ಲಿ ನಿಲ್ಲುತ್ತಿದ್ದರು. ರಸ್ತೆಯ ಲೆಕ್ಕದಲ್ಲಿ ಸರಿಯಾದ ಜಾಗ ಅವರ ಲೆಕ್ಕದಲ್ಲಿ ತಪ್ಪು ಜಾಗ. ಕೊನೆಗೆ ಅವರಲ್ಲೇ ಒಬ್ಬರು ಹಾಲಿನ ಡೈರಿಯ ಹೆಸರು ಹೇಳಿದರು. ಬೆಳಗಿನ ಜಾವದಿಂದಲೇ ಅಲ್ಲಿ ದೀಪ ಇರುತ್ತದೆ, ಕ್ಯಾನ್ ಹಿಡಿದ ಜನ ಇರುತ್ತಾರೆ, ಬಸ್ಸು ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಲು ಜಾಗವೂ ಇದೆ. ನಿಲ್ದಾಣ ಅಲ್ಲಿಗೆ ಹೋಯಿತು. ತಿರುವಿನ ಬೆಳಗಿನ ಬ್ರೇಕ್‌ಗಳು ಅದರೊಂದಿಗೇ ಹೋದವು. ಒಂದು ರೂಪಾಯಿ ಖರ್ಚಿಲ್ಲ.

ಹಂಪಿನ ಕೆಲಸ ಇಷ್ಟು ಸುಲಭವಿರಲಿಲ್ಲ. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. ಅರ್ಜಿ ಕೊಟ್ಟಾಗ ಬಂದ ಪ್ರಶ್ನೆ: "ಇಲ್ಲಿ ಅಪಘಾತ ಎಷ್ಟಾಗಿದೆ? ಎಫ್‌ಐಆರ್ ಇದೆಯಾ?" ಪ್ರಶ್ನೆ ತಪ್ಪೇನಲ್ಲ, ವ್ಯವಸ್ಥೆ ಇರುವುದೇ ಹಾಗೆ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಸಚಿವಾಲಯದ ವ್ಯಾಖ್ಯೆ ಪ್ರಕಾರ, ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಅಂದರೆ ಜಾಗ ತನ್ನ ಅಪಾಯವನ್ನು ಹೆಣ ಹಾಕಿಯೇ ಸಾಬೀತು ಮಾಡಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅಷ್ಟು ಸಾವಿಗೆ ಕಾಯದೆ ಮೊದಲೇ ತಿಳಿಯುವ ದಾರಿ ಇದ್ದರೂ, ಅದನ್ನು ಹಾಕಲು ಅರ್ಜಿ ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ನಕ್ಷೆ ಕಳಿಸಿದೆವು. ಅಲ್ಲೂ ಮೊದಲ ಸಲ ಚರ್ಚೆಗೇ ಬರಲಿಲ್ಲ. ಕೆಲಸ ಮುಂದೆ ಹೋದದ್ದು ಬೇರೆ ರೀತಿ. ಇಲಾಖೆಯ ಒಬ್ಬ ಎಂಜಿನಿಯರ್ ಸಂಜೆಯ ಟ್ರಿಪ್ಪಿನಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬರಲು ಒಪ್ಪಿದರು. ಆ ಹಂಪಿನ ಬಳಿ ಬಸ್ಸು ಕುಲುಕಿದಾಗ ಮುಂದಿನ ಕಂಬಿ ಹಿಡಿದುಕೊಂಡರು. ಇಳಿದು ಟೇಪು ಹಿಡಿದು ಅಳೆಸಿದರು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಲ್ಲಿದ್ದದ್ದು ಊರಿನವರು ಯಾವುದೋ ಅಪಘಾತದ ಸಿಟ್ಟಿನಲ್ಲಿ ಹಾಕಿಸಿಕೊಂಡ ಗಿಡ್ಡ, ಚೂಪು ದಿಬ್ಬ. ಅದನ್ನು ಕಿತ್ತು ಅಳತೆ ಪ್ರಕಾರ ಹಾಕಿ, ಬಣ್ಣ ಬಳಿದು, ಮುಂಚಿತವಾಗಿ ಫಲಕ ನೆಟ್ಟರು. ಬಸ್ಸುಗಳು ಈಗಲೂ ಅಲ್ಲಿ ನಿಧಾನವಾಗುತ್ತವೆ, ಆದರೆ ಚಾಲಕರು ದೂರದಿಂದಲೇ ಆಕ್ಸಿಲರೇಟರ್‌ನಿಂದ ಕಾಲು ಎತ್ತುತ್ತಾರೆ. ಬೇಕಾಗಿದ್ದದ್ದೂ ಅದೇ.

ಒಕ್ಕಣೆ ವಿಷಯದಲ್ಲಿ ಅರ್ಧ ಗೆಲುವು. ಪಂಚಾಯ್ತಿಯಲ್ಲಿ ಮಾತಾಡಿದಾಗ ಒಬ್ಬ ರೈತರು ನೇರವಾಗಿ ಕೇಳಿದರು: "ಕಣ ಎಲ್ಲೈತೆ ಸ್ವಾಮಿ? ಇದ್ದ ಜಾಗನೆಲ್ಲ ಸೈಟ್ ಮಾಡಿ ಮಾರಿದ್ದು ಯಾರು?" ಉತ್ತರ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಒಕ್ಕಣೆ ನಿಲ್ಲಿಸಿ ಅನ್ನೋದನ್ನು ಬಿಟ್ಟು, ಕಲ್ಲಿನ ಬದಲು ಬೇರೇನಾದರೂ ಇಡಿ, ಕತ್ತಲಾಗುವ ಮುಂಚೆ ತೆಗೆಯಿರಿ ಅಂತ ಮಾತ್ರ ಕೇಳಿಕೊಂಡೆವು. ಕಾರ್ಖಾನೆಯಿಂದ ಹಳೆಯ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಕೊಡಿಸಿದೆವು. ಕೆಲವರು ಬಳಸಿದರು. ಕೆಲವರ ಮನೆಯಲ್ಲಿ ಅದರಲ್ಲಿ ಟೊಮೆಟೊ ಇದೆ.

ಬಾರ್ ಮುಂದಿನ ಜಾಗದಲ್ಲಿ ಏನೂ ಆಗಲಿಲ್ಲ.

ಲೆಕ್ಕವನ್ನು ಎಷ್ಟು ನಂಬಬೇಕು

ಆಡಳಿತದವರಿಗೆ 'ಅಪಘಾತ ಇಷ್ಟು ಕಡಿಮೆಯಾಯಿತು' ಅನ್ನೋ ಒಂದು ಸಾಲು ಬೇಕಿತ್ತು. ಕೊಡಲಿಲ್ಲ. ಒಂದೇ ದಾರಿಯಲ್ಲಿ ದೊಡ್ಡ ಅಪಘಾತ ಆಗುವುದೇ ಅಪರೂಪ. ಕೆಟ್ಟ ವರ್ಷವಾದ ಮೇಲೆ ಏನೂ ಮಾಡದಿದ್ದರೂ ಮುಂದಿನ ವರ್ಷ ಸ್ವಲ್ಪ ಚೆನ್ನಾಗಿಯೇ ಇರುತ್ತದೆ, ಆ ಕೀರ್ತಿಯನ್ನು ನಾವು ಹೊಡೆದುಕೊಳ್ಳಬಾರದು. ಸಡನ್ ಬ್ರೇಕ್ ಇಳಿದಿದೆ, ಒರಟು ತಿರುವು ಅದರ ಜೊತೆ ಏರಿಲ್ಲ, ವೈರ್ ಕಿತ್ತಿಲ್ಲ. ಈ ಮೂರನ್ನೂ ಒಟ್ಟಿಗೇ ನೋಡಿ ಅಂದೆವು.

ಇನ್ನೊಂದು ಕೊರತೆ ದೊಡ್ಡದು. ಡಬ್ಬಿ ಇರುವುದು ಬಸ್ಸಿನಲ್ಲಿ. 2022ರ ಸಾವುಗಳಲ್ಲಿ 44.5% ದ್ವಿಚಕ್ರ ವಾಹನದವರದ್ದು, 19.5% ಪಾದಚಾರಿಗಳದ್ದು. ಬಸ್ಸಿಗೆ ಏನೂ ಅನ್ನಿಸದ ಜಲ್ಲಿಕಲ್ಲು ಬೈಕಿಗೆ ಸಾವು ತರಬಹುದು. ನಕ್ಷೆಯಲ್ಲಿ ಚುಕ್ಕಿ ಇಲ್ಲದ ಜಾಗ ಸುರಕ್ಷಿತ ಅಂತ ಯಾರೂ ತಿಳಿಯಬಾರದು. ಅದಕ್ಕೇ ಹೆಣ್ಣುಮಕ್ಕಳ ಮನೆಯವರು, ಅವರನ್ನು ನಿಲ್ದಾಣಕ್ಕೆ ಬೈಕಿನಲ್ಲಿ ಬಿಡುವವರು ಹೇಳಿದ ಜಾಗಗಳನ್ನೂ ನಕ್ಷೆಗೆ ಬೇರೆ ಬಣ್ಣದಲ್ಲಿ ಸೇರಿಸಿದೆವು. ಎರಡೂ ಬಣ್ಣ ಒಂದೇ ಕಡೆ ಬಿದ್ದದ್ದು ಕಡಿಮೆ.

ಆಡಳಿತಕ್ಕೆ ಇಷ್ಟವಾಗದ ಒಂದು ಸಂಗತಿಯೂ ಮಾಹಿತಿಯಲ್ಲಿತ್ತು. ತಡವಾಗಿ ಹೊರಟ ದಿನಗಳಲ್ಲಿ ಗೇಟಿಗೆ ಹತ್ತಿರದ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲೇ ವೇಗ ಅತಿ ಹೆಚ್ಚು. ಎಂಟೂವರೆಯ ಷರತ್ತು ರಸ್ತೆ ಮೇಲೆ ಹೀಗೆ ಕಾಣುತ್ತಿತ್ತು. ಸಾಕಷ್ಟು ಎಳೆದಾಟದ ನಂತರ, ಮಳೆ ಮತ್ತು ಮಂಜಿನ ತಿಂಗಳುಗಳಲ್ಲಿ ಹತ್ತು ನಿಮಿಷ ತಡವಾದರೂ ಕಡಿತ ಇಲ್ಲ ಅಂತಾಯಿತು. ವರ್ಷಪೂರ್ತಿ ಮಾಡಿ ಅಂತ ಚಾಲಕರು ಈಗಲೂ ಕೇಳುತ್ತಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಹೊಸ ಗುತ್ತಿಗೆಯಲ್ಲಿ ಎರಡು ಸಾಲು ಸೇರಿವೆ. ನಾವು ಕೇಳಿದಾಗ ಡಬ್ಬಿ ಮಾರಿದವರು ಅದರ ಕಚ್ಚಾ ಮಾಹಿತಿಯನ್ನು ಕೊಡಬೇಕು, ಬೇರೆ ಹಣ ಕೇಳುವಂತಿಲ್ಲ. ಬ್ರೇಕ್ ಮಾಹಿತಿಯಿಂದ ಯಾವ ಚಾಲಕನಿಗೂ ದಂಡ ಹಾಕುವಂತಿಲ್ಲ. ಮೊದಲನೆಯದನ್ನು ಶುರುವಿನಲ್ಲೇ ಬರೆಸಿಕೊಂಡಿದ್ದರೆ ಪೋರ್ಟಲ್ ಕಂಪನಿಯ ಜೊತೆ ಮಾಡಿದ ಪತ್ರವ್ಯವಹಾರವೆಲ್ಲ ಉಳಿಯುತ್ತಿತ್ತು.

ಕಬ್ಬಿನ ಗದ್ದೆಯ ಪಕ್ಕದ ಕೂಡುದಾರಿಯ ಲೆಕ್ಕ ಮಾತ್ರ ಇನ್ನೂ ಬಾಕಿ. ರಸ್ತೆಗೆ ಅಡ್ಡ ಬರುವ ಮೂಲೆಯ ಸಾಲುಗಳನ್ನು ಬಿಟ್ಟು ಬೆಳೆಯಲು ಗದ್ದೆಯವರು ಒಪ್ಪಿದರು, ಪಂಚಾಯ್ತಿಯವರು ಬೇಲಿಯ ಪೊದೆ ಸವರಿಸಿದರು. ಬ್ರೇಕ್ ಕೂಡಲೇ ಇಳಿಯಿತು. ಆದರೆ ಅದೇ ತಿಂಗಳು ಕಬ್ಬು ಕಡಿದು ಫ್ಯಾಕ್ಟರಿಗೆ ಸಾಗಿಸಿಬಿಟ್ಟರು. ಕಬ್ಬು ಮತ್ತೆ ಆಳೆತ್ತರ ಬೆಳೆದಾಗ ಅದೇ ತಿಂಗಳುಗಳ ಮಾಹಿತಿಯನ್ನು ಹೋಲಿಸಿ ನೋಡಬೇಕು. ಅಲ್ಲಿಯವರೆಗೆ ಆ ಜಾಗವನ್ನು 'ಸರಿಯಾಗಿದೆ' ಪಟ್ಟಿಗೆ ಸೇರಿಸಿಲ್ಲ.